ಪರದೆಯಲ್ಲಿ ಸರಿ, ಸೈಟಿನಲ್ಲಿ ಹೆಚ್ಚು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಕಂಪ್ಯೂಟರಿನಲ್ಲಿ ಇಡೀ ಕಟ್ಟಡವನ್ನು ಗೋಡೆ, ಕಾಲಂ, ಬಾಗಿಲುಗಳ ಸಮೇತ ಎಬ್ಬಿಸಿ ನಿಲ್ಲಿಸಿ, ಅದರಿಂದಲೇ ಸಾಮಾನಿನ ಲೆಕ್ಕ ತೆಗೆಯುವ ಬಿಮ್ ಪದ್ಧತಿ ಈಗ ನಮ್ಮ ಕಡೆಗೂ ಬಂದಿದೆ. ಆ ಹೆಸರನ್ನು ಮೊದಲ ಬಾರಿ ಹೇಳಿದಾಗ ನಮ್ಮ ಮೇಸ್ತ್ರಿ ಜೇಬಿನಿಂದ ಟೇಪು ತೆಗೆದು, ‘ಯಾವ ಬೀಮ್ ಸರ್, ಎಷ್ಟು ಆಳದ್ದು?’ ಎಂದು ಕೇಳಿದ್ದರು. ಕೊಪ್ಪಳದಲ್ಲಿ ಕುಳಿತು ಇಪ್ಪತ್ತೆಂಟು ವರ್ಷ ಅಂದಾಜು ಪಟ್ಟಿ ಬರೆದವನು ನಾನು. ಮೊದಲ ಹತ್ತೊಂಬತ್ತು ವರ್ಷ ಸ್ಕೇಲು ಮತ್ತು ಪೆನ್ಸಿಲ್, ಆಮೇಲೆ ಈ ಮಾದರಿಗಳು. ಎರಡರಲ್ಲೂ ತಪ್ಪು ಮಾಡಿದ್ದೇನೆ, ಆದ್ದರಿಂದ ಉತ್ತರಿಸುವ ಧೈರ್ಯ.

ಪ್ರಶ್ನೆ: ಸರ್, ನಾನು ಗಂಗಾವತಿಯಲ್ಲಿ ಗುತ್ತಿಗೆದಾರರೊಬ್ಬರ ಬಳಿ ಎಂಜಿನಿಯರ್ ಆಗಿದ್ದೇನೆ. ವಿದ್ಯಾರ್ಥಿನಿಯರ ವಸತಿ ನಿಲಯವೊಂದರ ಮಾದರಿಯನ್ನು ರೆವಿಟ್ ಎಂಬ ಬಿಮ್ ಸಾಫ್ಟ್‌ವೇರಿನಲ್ಲಿ ನಾನೇ ಮಾಡಿದೆ. ಅದು ಕೊಟ್ಟ ಲೆಕ್ಕದಂತೆ ಸಾಲಿಡ್ ಬ್ಲಾಕ್ ತರಿಸಿದೆವು. ಗೋಡೆ ಮುಗಿದ ಮೇಲೆ ಸಾವಿರದ ಐನೂರಕ್ಕಿಂತ ಹೆಚ್ಚು ಉಳಿದಿವೆ. ಗಿಲಾವಿನದು ಇದಕ್ಕೆ ತದ್ವಿರುದ್ಧ. ಮಾದರಿಯ ಚದರ ಮೀಟರ್ ಹಿಡಿದು ಬಿಲ್ ಬರೆದರೆ, ಗಿಲಾವಿನ ಮೇಸ್ತ್ರಿ ಅಳತೆ ಕಡಿಮೆ ಎಂದು ಜಗಳಕ್ಕೆ ನಿಂತಿದ್ದಾರೆ. ಮಾಲೀಕರು ಬೇರೆ ಸಾಫ್ಟ್‌ವೇರ್ ಕೊಳ್ಳೋಣವೇ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ತಂಗಿ, ದುಡ್ಡು ಉಳಿಸಿ. ಸಾಫ್ಟ್‌ವೇರ್ ನೀವು ಬರೆದದ್ದನ್ನು ಚಾಚೂ ತಪ್ಪದೆ ಅಳೆದಿದೆ. ನೀವು ಬರೆದದ್ದು ಮಾತ್ರ ಗೌಂಡಿ ಕಟ್ಟಿದ ಗೋಡೆಯಲ್ಲ.

ನಿಮ್ಮ ಪತ್ರದ ಜೊತೆಗಿದ್ದ ಪಟ್ಟಿಯಲ್ಲಿ 200 ಮಿಲಿಮೀಟರ್ ಗೋಡೆ, ಬಾಗಿಲು ಕಿಟಕಿ ಕಳೆಯುವ ಮೊದಲು, 900 ಚದರ ಮೀಟರ್ ಇದೆ. ಮಹಡಿಯಿಂದ ಮಹಡಿಗೆ 3 ಮೀಟರ್ ಎತ್ತರ. ಅಂದರೆ 300 ಮೀಟರ್ ಉದ್ದದ ಗೋಡೆ. ನೀವು ಗೋಡೆಯನ್ನು ಕೆಳಗಿನ ನೆಲದಿಂದ ಮೇಲಿನ ನೆಲದವರೆಗೆ ಎಳೆದಿದ್ದೀರಿ. ಎಲ್ಲರೂ ಹಾಗೆಯೇ ಎಳೆಯುತ್ತಾರೆ, ಅದೇ ಸುಲಭ. ಆದರೆ ಗೋಡೆಯ ತಲೆಯ ಮೇಲೆ 450 ಮಿಲಿಮೀಟರ್ ಆಳದ ಬೀಮ್ ಕುಳಿತಿದೆ. ಬ್ಲಾಕು ಬೀಮಿನ ಹೊಟ್ಟೆಯೊಳಗೆ ಹೋಗುವುದಿಲ್ಲ, ಅದರ ತಳಕ್ಕೆ ನಿಲ್ಲುತ್ತದೆ. ನಿಜವಾದ ಎತ್ತರ 2.55 ಮೀಟರ್. 300ನ್ನು 0.45ರಿಂದ ಗುಣಿಸಿ: 135 ಚದರ ಮೀಟರ್. 400 ಮತ್ತು 200ರ ಮುಖದ ಬ್ಲಾಕು, 10 ಮಿಲಿಮೀಟರ್ ಸಂದು ಹಿಡಿದರೆ ಚದರ ಮೀಟರಿಗೆ 11.6 ಬೀಳುತ್ತದೆ. 135ಕ್ಕೆ 1,566 ಬ್ಲಾಕು. ನಿಮ್ಮ ಅಂಗಳದಲ್ಲಿ ಉಳಿದಿರುವುದು ಇವೇ ಅಲ್ಲವೇ?

ವಾಸ್ತುಶಿಲ್ಪಿಯ ಕಡತವೂ ಸ್ಟ್ರಕ್ಚರಲ್ ಎಂಜಿನಿಯರ್ ಅವರ ಕಡತವೂ ಬೇರೆ ಬೇರೆಯಾಗಿ, ಒಂದನ್ನೊಂದು ಲಿಂಕ್ ಮಾಡಿಕೊಂಡಿದ್ದರೆ ಈ ಕಾಯಿಲೆ ಇನ್ನೂ ಜೋರು. ಒಂದೇ ಕಡತದಲ್ಲಿದ್ದರೆ ‘ಜಾಯಿನ್’ ಕೊಟ್ಟು ಬೀಮ್ ಗೋಡೆಯನ್ನು ಕತ್ತರಿಸುವಂತೆ ಮಾಡಬಹುದು. ಲಿಂಕ್ ಆದ ಕಡತದ ಬೀಮು ನಿಮ್ಮ ಗೋಡೆಗೆ ದೆವ್ವ ಇದ್ದ ಹಾಗೆ. ಕಣ್ಣಿಗೆ ಕಾಣುತ್ತದೆ, ಗೋಡೆಯನ್ನು ಮುಟ್ಟದೆ ಹಾದುಹೋಗುತ್ತದೆ. ಅಂಥ ಕಡೆ ಗೋಡೆಯ ತಲೆಯನ್ನು ನೀವೇ 450 ಮಿಲಿಮೀಟರ್ ಕೆಳಗಿಳಿಸಬೇಕು. ಕಾಲಂಗಳನ್ನೂ ನೋಡಿ. ವಾಸ್ತುಶಿಲ್ಪಿ ಅಂದಕ್ಕೆಂದು ಒಂದು ಕಾಲಂ ಇಟ್ಟಿರುತ್ತಾರೆ, ಸ್ಟ್ರಕ್ಚರಿನವರು ಅದೇ ಜಾಗದಲ್ಲಿ ಲೆಕ್ಕಕ್ಕೆಂದು ಇನ್ನೊಂದು. ಎರಡೂ ಪಟ್ಟಿಗೆ ಬಂದರೆ ಕಾಲಂ ಕಾಂಕ್ರೀಟು ನೇರವಾಗಿ ಎರಡರಷ್ಟು.

ನಿಮ್ಮ ಪತ್ರದಲ್ಲಿ ಕೇಳಿಲ್ಲ, ಆದರೂ ಹೇಳುತ್ತೇನೆ. ಅದೇ 300 ಮೀಟರ್ ಬೀಮನ್ನು ಸ್ಲ್ಯಾಬಿನೊಂದಿಗೆ ಜೋಡಿಸಿದ್ದೀರಾ? ಇಲ್ಲದಿದ್ದರೆ ಎರಡೂ ಕೂಡುವ ಜಾಗದ ಕಾಂಕ್ರೀಟು ಎರಡು ಸಲ ಎಣಿಕೆಯಾಗುತ್ತದೆ. 230 ಮಿಲಿಮೀಟರ್ ಅಗಲದ ಬೀಮು, 125 ಮಿಲಿಮೀಟರ್ ದಪ್ಪದ ಸ್ಲ್ಯಾಬು ಒಂದರೊಳಗೊಂದು ಕುಳಿತ ಜಾಗ ಮೀಟರಿಗೆ 0.02875 ಘನ ಮೀಟರ್. ಕೇಳಿದರೆ ಸಾಸಿವೆಯಷ್ಟು. 300 ಮೀಟರಿಗೆ ಅದು 8.6 ಘನ ಮೀಟರ್ ಆಗುತ್ತದೆ; ಎಂ20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ 8 ಚೀಲ ಹಿಡಿದರೆ 69 ಚೀಲ ಸಿಮೆಂಟು. ಬ್ಲಾಕು ಉಳಿದರೆ ಕಂಪೌಂಡ್ ಗೋಡೆಗಾದರೂ ಆದೀತು, ಮಳೆಗಾಲಕ್ಕೆ ಸಿಕ್ಕ ಸಿಮೆಂಟು ಕಲ್ಲಾಗುತ್ತದೆ.

ಇನ್ನು ಗಿಲಾವಿನ ಮೇಸ್ತ್ರಿ. ಇಲ್ಲಿ ನ್ಯಾಯ ಅವರ ಕಡೆಗಿದೆ.

ನಮ್ಮ ದೇಶದಲ್ಲಿ ಕಟ್ಟಡದ ಕೆಲಸ ಅಳೆಯುವುದಕ್ಕೆ ಐಎಸ್ 1200 ಎಂಬ ಮಾನಕವಿದೆ, ಅದರ 12ನೆಯ ಭಾಗ ಗಿಲಾವಿನದು, 1976ರದು. ಅರ್ಧ ಚದರ ಮೀಟರಿನವರೆಗಿನ ತೆರವನ್ನು ಅದು ಕಳೆಯುವುದೇ ಇಲ್ಲ. ಅರ್ಧದಿಂದ 3 ಚದರ ಮೀಟರಿನವರೆಗೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಿಲಾವು ಇದ್ದರೆ, ಒಂದು ಮುಖಕ್ಕೆ ಮಾತ್ರ ಕಳೆಯುತ್ತದೆ. ಮೂರನ್ನು ದಾಟಿದರೆ ಎರಡೂ ಕಡೆ ಕಳೆದು, ತೆರವಿನ ಒಳ ಅಂಚುಗಳನ್ನು ಬೇರೆಯಾಗಿ ಅಳೆದು ಕೂಡಿಸುತ್ತದೆ. ರೆವಿಟ್‌ಗೆ ಈ ಸಂಪ್ರದಾಯ ಗೊತ್ತಿಲ್ಲ. ಅದು ತೂತು ಕಂಡಲ್ಲೆಲ್ಲ ಕಳೆಯುತ್ತದೆ.

5 ಮೀಟರ್ ಉದ್ದ, 3 ಮೀಟರ್ ಎತ್ತರದ ಒಂದು ಒಳಗೋಡೆ ತೆಗೆದುಕೊಳ್ಳಿ. ಎರಡು ಮುಖಕ್ಕೆ 30 ಚದರ ಮೀಟರ್. ಅದರಲ್ಲಿ 1 ಮೀಟರ್ ಅಗಲ, 2.1 ಎತ್ತರದ ಬಾಗಿಲು. ಮಾದರಿ ಎರಡೂ ಕಡೆ ಕಳೆದು 25.8 ಎನ್ನುತ್ತದೆ. ಮಾನಕದ ಪ್ರಕಾರ 27.9. ಮಧ್ಯದ 2.1 ಚದರ ಮೀಟರ್ ಮೇಸ್ತ್ರಿಗೆ ಧರ್ಮಕ್ಕೆ ಕೊಟ್ಟದ್ದಲ್ಲ. ಬಾಗಿಲ ಸುತ್ತಲ 200 ಮಿಲಿಮೀಟರ್ ಅಗಲದ ಒಳ ಅಂಚನ್ನು ಅವರು ಮಟ್ಟಗೋಲು ಹಿಡಿದು, ಮೂಲೆ ತೀಡಿ, ಉಳಿದ ಗೋಡೆಗಿಂತ ನಿಧಾನವಾಗಿ ಮಾಡಿರುತ್ತಾರೆ. ಆ ಅಂಚು ಸರಿಸುಮಾರು 1.04 ಚದರ ಮೀಟರ್. ಅದನ್ನು ಬೇರೆಯಾಗಿ ಅಳೆಯುವ ರಗಳೆ ಬೇಡವೆಂದೇ ಹಿಂದಿನವರು ಒಂದು ಮುಖವನ್ನು ಕಳೆಯದೆ ಬಿಟ್ಟರು. ನಿಮ್ಮ ಕಟ್ಟಡದಲ್ಲಿ ಇಂಥ 60 ಬಾಗಿಲುಗಳಿದ್ದರೆ 126 ಚದರ ಮೀಟರ್. ಶೌಚಾಲಯದ 600 ಮಿಲಿಮೀಟರ್ ಚೌಕದ ಗವಾಕ್ಷಿಗಳು ಒಂದೊಂದೂ 0.36 ಚದರ ಮೀಟರ್, ಅವನ್ನು ಕಳೆಯುವಂತೆಯೇ ಇಲ್ಲ, ಮಾದರಿ ಎರಡೂ ಮುಖದಿಂದ ಕಳೆದಿರುತ್ತದೆ. ಜಗಳಕ್ಕೆ ಇಷ್ಟು ಸಾಲದೇ?

ಹಾಗಾಗಿ ನಾನು ನನ್ನ ಎಕ್ಸೆಲ್ ಹಾಳೆಯಲ್ಲಿ ಒಂದೇ ಸಾಮಾನಿಗೆ ಮೂರು ಸಂಖ್ಯೆ ಇಟ್ಟುಕೊಳ್ಳುತ್ತೇನೆ: ಮಾದರಿ ಹೇಳಿದ್ದು, ಬಿಲ್ಲಿಗೆ ಬರೆಯುವುದು, ಅಂಗಡಿಯಿಂದ ತರುವುದು. ಮೂರೂ ಒಂದೇ ಆಗಿ ಬಂದ ದಿನ ನನಗೆ ಅನುಮಾನ ಬರುತ್ತದೆ.

ಒಂದು ನನ್ನದೇ ಪ್ರಸಂಗ. ಕೆಲವು ವರ್ಷಗಳ ಹಿಂದೆ ಕೊಪ್ಪಳದ ಮಳಿಗೆ ಸಾಲೊಂದಕ್ಕೆ ಮೊದಲ ಮಹಡಿಯ ಗೋಡೆಗಳನ್ನು ನಕಲು ಮಾಡಿ ಅಂಟಿಸಿದೆ. ಫೋನು ಬಂತು, ಮಾತಾಡಿ ಬಂದು ಮತ್ತೊಮ್ಮೆ ಅಂಟಿಸಿದೆ. ಒಂದರ ಮೈಮೇಲೆ ಒಂದು, ನೋಡಲು ಒಂದೇ ಗೋಡೆ. ರೆವಿಟ್ ಪಾಪ ಎಚ್ಚರಿಕೆ ಕೊಟ್ಟಿತ್ತು: ಒಂದೇ ಜಾಗದಲ್ಲಿ ಒಂದೇ ಥರದ ಎರಡು ಇವೆ, ಪಟ್ಟಿಯಲ್ಲಿ ಎರಡು ಸಲ ಎಣಿಕೆಯಾಗುತ್ತದೆ ಎಂದು. ಅಂಥ ಹಳದಿ ಪೆಟ್ಟಿಗೆಗಳನ್ನು ಓದದೆ ಮುಚ್ಚುವ ಚಟ ನನಗಿತ್ತು. ಎರಡು ಲಾರಿ ಬ್ಲಾಕು ಹೆಚ್ಚಾಗಿ ಬಂದು, ಎರಡು ಬೇಸಿಗೆ ಅವುಗಳ ಮೇಲೆ ಅಕ್ಕಪಕ್ಕದ ಮನೆಯ ಆಡುಗಳು ಮಲಗಿದವು. ಈಗ ಪಟ್ಟಿ ತೆಗೆಯುವ ಮೊದಲು ಎಚ್ಚರಿಕೆಗಳ ಕಡತ ತೆರೆದು ಓದುತ್ತೇನೆ, ಆಮೇಲೆ ಒಂದೇ ಒಂದು ಕೋಣೆಯನ್ನು ಕೈಯಲ್ಲಿ ಲೆಕ್ಕ ಹಾಕುತ್ತೇನೆ. ಆ ಕೋಣೆ ಹೊಂದಿಕೆಯಾಗದೆ ಉಳಿದ ಕಟ್ಟಡದ ಒಂದು ಅಂಕಿಯನ್ನೂ ನಂಬುವುದಿಲ್ಲ. ಮೂಲೆಯ ಕೋಣೆಯನ್ನೇ ಆರಿಸಿ. ತಪ್ಪುಗಳೆಲ್ಲ ಗೋಡೆ ಕೂಡುವ ಮೂಲೆಯಲ್ಲೇ ಅಡಗಿರುತ್ತವೆ.

ಪ್ರಶ್ನೆ: ನಾನು ರಾಯಚೂರಿನಲ್ಲಿ ನಿವೃತ್ತ ಶಿಕ್ಷಕ. ಎರಡು ಮಹಡಿಯ ಮನೆ ಕಟ್ಟಿಸುತ್ತಿದ್ದೇನೆ. ಎಂಜಿನಿಯರ್ ಕಂಪ್ಯೂಟರ್ ಮಾದರಿಯಿಂದ ತೆಗೆದ ಲೆಕ್ಕ 6.4 ಟನ್ ಕಬ್ಬಿಣ. ಬಾರ್ ಬೆಂಡಿಂಗ್ ಮೇಸ್ತ್ರಿ 7 ಟನ್ ಇಲ್ಲದೆ ಆಗುವುದಿಲ್ಲ ಎನ್ನುತ್ತಾನೆ. 600 ಕೆಜಿ ಎಲ್ಲಿಗೆ ಹೋಗುತ್ತದೆ? ಇಬ್ಬರಲ್ಲಿ ಯಾರನ್ನು ನಂಬಬೇಕು?

ಉತ್ತರ: ಗುರುಗಳೇ, ಮೊದಲು ಎಂಜಿನಿಯರ್ ಅವರಿಗೆ ಒಂದೇ ಪ್ರಶ್ನೆ ಕೇಳಿ: ಮಾದರಿಯಲ್ಲಿ ರಾಡುಗಳನ್ನು ಒಂದೊಂದಾಗಿ ಇಟ್ಟಿದ್ದೀರಾ, ಅಥವಾ ಕಾಂಕ್ರೀಟಿನ ಘನ ಮೀಟರಿಗೆ ಇಂತಿಷ್ಟು ಕೆಜಿ ಎಂದು ಗುಣಿಸಿದ್ದೀರಾ? ಬಹಳಷ್ಟು ಮಾದರಿಗಳಲ್ಲಿ ಕಾಂಕ್ರೀಟು ಮಾತ್ರ ಇರುತ್ತದೆ, ಒಳಗೆ ಒಂದು ಸಳಿಯೂ ಇರುವುದಿಲ್ಲ. ಗುಣಿಸಿದ್ದಾದರೆ 6.4 ಎಂಬುದರಲ್ಲಿ ಆ ‘.4’ ಬರೀ ಅಲಂಕಾರ.

ರಾಡು ಇಟ್ಟಿದ್ದೇ ಆದರೂ ಮೇಸ್ತ್ರಿಯನ್ನು ಕಳ್ಳ ಎನ್ನಲು ಅವಸರ ಬೇಡ. ನಿಮ್ಮೂರ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಆ ಉದ್ದನೆಯ ಕಲ್ಲು ನೋಡಿದ್ದೀರಲ್ಲ, ಸುಮಾರು 41 ಅಡಿ. ಪೇಟೆಯಲ್ಲಿ ಸಿಗುವ ರಾಡು ಅದಕ್ಕಿಂತ ಒಂದೂವರೆ ಅಡಿಯಷ್ಟು ಗಿಡ್ಡ: 12 ಮೀಟರ್. ಮಾದರಿಯಲ್ಲಿ ಮಾತ್ರ 14 ಮೀಟರಿನ ಬೀಮಿಗೆ 14 ಮೀಟರಿನ ಒಂದೇ ರಾಡು ಎಳೆಯಬಹುದು. ಸೈಟಿನಲ್ಲಿ ಎರಡು ತುಂಡಿನ ತುದಿಗಳನ್ನು ಒಂದರ ಪಕ್ಕ ಒಂದು ಹೊಂದಿಸಿ ಕಟ್ಟಬೇಕು, ಹಾಗೆ ಜೊತೆಯಾಗಿ ಓಡುವ ಉದ್ದವೇ ಲ್ಯಾಪ್. ವ್ಯಾಸದ 50 ಪಟ್ಟು ಲ್ಯಾಪ್ ಹಿಡಿದರೆ 16 ಮಿಲಿಮೀಟರ್ ರಾಡಿಗೆ 800 ಮಿಲಿಮೀಟರ್. ಮಾದರಿ ಮಾಡಿದವರು ಲ್ಯಾಪ್ ತೋರಿಸದಿದ್ದರೆ ಅಷ್ಟೂ ಲೆಕ್ಕದಿಂದ ಹೊರಗೆ.

ಇನ್ನು ಬೀಮಿನ ಉದ್ದ ರಾಡುಗಳನ್ನು ಸುತ್ತಿ ಹಿಡಿಯುವ ರಿಂಗುಗಳು. ಇದನ್ನು ನೀವೇ ಮೇಸ್ತ್ರಿಯ ಪಕ್ಕ ಕುಳಿತು ನೋಡಬಹುದು, ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ. ಹಲಗೆಗೆ ಮೊಳೆ ಹೊಡೆದು, 8 ಮಿಲಿಮೀಟರಿನ ಸಳಿಯನ್ನು ಅಳತೆಗೆ ಕತ್ತರಿಸಿ, ಆ ಮೊಳೆಗಳ ನಡುವೆ ಬಗ್ಗಿಸುತ್ತಾರೆ. 230 ಅಗಲ, 450 ಆಳದ ಬೀಮಿಗೆ ಕೊಕ್ಕೆ ಸೇರಿ ಒಂದು ರಿಂಗಿಗೆ ಹತ್ತಿರ ಹತ್ತಿರ 1.25 ಮೀಟರ್ ಬೇಕು. 12 ಮೀಟರಿನಲ್ಲಿ ಒಂಬತ್ತು ರಿಂಗು, 11.25 ಮೀಟರ್. ಉಳಿದ 75 ಸೆಂಟಿಮೀಟರಿನಲ್ಲಿ ಹತ್ತನೆಯದು ಆಗುವುದಿಲ್ಲ. ಪ್ರತಿ ಸಳಿಯಲ್ಲೂ ನೂರಕ್ಕೆ ಆರು ಮೂಲೆಗೆ. ಚಾಣಾಕ್ಷ ಬೆಂಡರ್ ಆ ತುಂಡುಗಳನ್ನು ಸ್ಲ್ಯಾಬಿನ ಮೇಲಿನ ಸಳಿಯನ್ನು ಎತ್ತಿ ಹಿಡಿಯುವ ಕುರ್ಚಿಗಳಿಗೆ ಬಳಸುತ್ತಾನೆ, ಸೋಮಾರಿಯಾದರೆ ಗುಜರಿಗೆ. ನಿಮ್ಮವನು ಇಬ್ಬರಲ್ಲಿ ಯಾವ ಬಗೆಯವನು ಎಂಬುದು ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ತೂಕದಲ್ಲೂ ಒಂದು ಮರ್ಮವಿದೆ. ಮಾದರಿ ಉದ್ದವನ್ನು ಅಳೆದು, ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಸೂತ್ರದಿಂದ ತೂಕ ಹೇಳುತ್ತದೆ. 8 ಮಿಲಿಮೀಟರಿಗೆ ಅದು ಮೀಟರಿಗೆ 0.395 ಕೆಜಿ. ಆದರೆ ರಾಡಿನ ಮಾನಕವಾದ ಐಎಸ್ 1786 ಪ್ರಕಾರ 10 ಮಿಲಿಮೀಟರಿನವರೆಗಿನ ರಾಡಿನ ತೂಕ ನೂರಕ್ಕೆ 7ರಷ್ಟು ಹೆಚ್ಚು ಕಡಿಮೆ ಇರಬಹುದು, 10ರಿಂದ 16ರವರೆಗೆ 5, ಅದರ ಮೇಲೆ 3. ಅಂಗಡಿಯವರು ಮಾರುವುದು ತೂಕಕ್ಕೆ, ಬೀಮು ಕೇಳುವುದು ಉದ್ದ. ಸೂತ್ರದ ತೂಕದಲ್ಲಿ ಒಂದು ಟನ್ 8 ಮಿಲಿಮೀಟರ್ ಎಂದರೆ ಸುಮಾರು 2,530 ಮೀಟರ್. ನೂರಕ್ಕೆ ಐದು ಭಾರದ ಸರಕು ಬಂದರೆ 2,410. ಯಾರೂ ಕದಿಯದೆಯೇ 120 ಮೀಟರ್ ಮಾಯ. ಸರಕು ಇಳಿದ ದಿನ ಒಂದು ರಾಡಿನಿಂದ ಒಂದು ಮೀಟರ್ ಕತ್ತರಿಸಿ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ನಗುತ್ತಾರೆ, ನಗಲಿ.

ಲ್ಯಾಪ್, ತುಂಡು, ತೂಕ ಎಲ್ಲ ಸೇರಿ 6.4ಕ್ಕೆ 600 ಕೆಜಿ ಎಂದರೆ ನೂರಕ್ಕೆ ಒಂಬತ್ತಕ್ಕಿಂತ ಸ್ವಲ್ಪ ಹೆಚ್ಚು. ಲ್ಯಾಪ್ ಮಾದರಿಯಲ್ಲಿ ಇಲ್ಲದಿದ್ದರೆ ಮೇಸ್ತ್ರಿಯ ಮಾತು ನ್ಯಾಯವಾದದ್ದೇ. ಲ್ಯಾಪ್ ಆಗಲೇ ಸೇರಿದ್ದರೆ ನನಗೆ ಇದು ಜಾಸ್ತಿ ಎನಿಸುತ್ತದೆ. ನೂರಕ್ಕೆ ಮೂರು ನಾಲ್ಕರ ಮೇಲೆ ನಾನು ಒಪ್ಪುವುದಿಲ್ಲ. ರಾಡಿನ ಆಕಾರ, ಕತ್ತರಿಸುವ ಉದ್ದ, ಸಂಖ್ಯೆ ಇರುವ ಬಾರ್ ಬೆಂಡಿಂಗ್ ಪಟ್ಟಿಯನ್ನು ಎಂಜಿನಿಯರ್ ಅವರಿಂದ ಬರೆಸಿ, ಇಬ್ಬರನ್ನೂ ಒಂದೇ ಚಹಾದ ಮುಂದೆ ಕೂರಿಸಿ. ಏಳೂ ಟನ್ನನ್ನು ಒಂದೇ ಸಲ ತರಿಸಬೇಡಿ. ಮೊದಲ ಸ್ಲ್ಯಾಬ್ ಮುಗಿಯಲಿ, ಆಗ ಲೆಕ್ಕ ತಾನಾಗಿ ಬಾಯಿ ಬಿಡುತ್ತದೆ.

ಪ್ರಶ್ನೆ: ಸಿಂಧನೂರಿನ ಎರೆ ಭೂಮಿಯಲ್ಲಿ ಕಾಲಂಗಳ ಪಾಯಕ್ಕೆ 24 ಫೂಟಿಂಗ್ ಗುಂಡಿ ತೋಡಿಸಿದೆ, ಒಂದೊಂದೂ ಒಂದೂವರೆ ಮೀಟರ್ ಚೌಕ, 1.8 ಮೀಟರ್ ಆಳ. ಮಾದರಿಯಿಂದ ತೆಗೆದ ಅಗೆತದ ಲೆಕ್ಕಕ್ಕೂ ಟಿಪ್ಪರ್ ಟ್ರಿಪ್ಪಿನ ಲೆಕ್ಕಕ್ಕೂ ತಾಳೆಯೇ ಇಲ್ಲ. ಟಿಪ್ಪರಿನವನು ಮೋಸ ಮಾಡಿದನೇ?

ಉತ್ತರ: ಮಾಡಿಲ್ಲ ಎಂದು ಪ್ರಮಾಣ ಮಾಡಲಾರೆ, ಆದರೆ ನಿಮ್ಮ ಅಂಕಿಗಳು ಅವನ ಪರವಾಗಿವೆ. ಒಂದೂವರೆ ಮೀಟರ್ ಚೌಕ, 1.8 ಆಳದ ಗುಂಡಿ 4.05 ಘನ ಮೀಟರ್, 24ಕ್ಕೆ 97.2. ಎರಡು ಬ್ರಾಸ್, ಅಂದರೆ 200 ಘನ ಅಡಿಯ ಟಿಪ್ಪರು 5.66 ಘನ ಮೀಟರ್ ಹಿಡಿಯುತ್ತದೆ, ನೀವು 17 ಟ್ರಿಪ್ಪು ಎಂದುಕೊಂಡಿರಿ. ಭೂಮಿಯೊಳಗೆ ಒತ್ತಿ ಕುಳಿತ ಮಣ್ಣು ಅಗೆದಾಗ ಸಡಿಲಗೊಂಡು ಉಬ್ಬುತ್ತದೆ. ನೂರಕ್ಕೆ ಮೂವತ್ತು ಹಿಡಿದರೆ 126 ಘನ ಮೀಟರ್, 22 ಟ್ರಿಪ್ಪಿನ ಮೇಲೆ ಇನ್ನೊಂದಿಷ್ಟು. ಎರೆ ಮಣ್ಣಿನ ಗುಂಡಿಯ ಅಂಚು ಒಣಗಿ ಬಿರುಕು ಬಿಟ್ಟು ಕುಸಿಯುವುದನ್ನು, ಕೆಲಸಗಾರ ಇಳಿದು ನಿಲ್ಲಲು ಬಿಟ್ಟ ಜಾಗವನ್ನು ಇನ್ನೂ ಸೇರಿಸಿಲ್ಲ. ಬಿಲ್ಲು ಮಾತ್ರ ಗುಂಡಿಯ ಅಳತೆಗೇ. ಟ್ರಿಪ್ಪು ನಿಮ್ಮ ಖರ್ಚು. ತೆಗೆದ ಮಣ್ಣನ್ನೇ ಪಾಯದೊಳಗೆ ತುಂಬುವ ಯೋಚನೆ ಇದ್ದರೆ ಬಿಡಿ, ನೀರು ಕುಡಿದು ಉಬ್ಬಿ ನೆಲಗಟ್ಟು ಎತ್ತುತ್ತದೆ. ಗರಸು ತರಿಸಿ, ಅದೂ ದಮ್ಮಾಸು ಹೊಡೆದ ಮೇಲೆ ಇಳಿಯುತ್ತದೆ ಎಂದು ಲೆಕ್ಕ ಹಾಕಿಯೇ ತರಿಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ ಸರ್. ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಆಗದು. ಮಾದರಿಯಿಂದ ಪ್ರಮಾಣ ತೆಗೆಯುವುದನ್ನು ಖರ್ಚಿಲ್ಲದೆ ಕಲಿಯಬಹುದೇ?

ಉತ್ತರ: ಧಾರಾಳವಾಗಿ. ಬ್ಲೆಂಡರ್ ಎಂಬ ತ್ರಿಆಯಾಮ ಮಾದರಿಯ ಸಾಫ್ಟ್‌ವೇರ್ ಉಚಿತ, ಅದರ ಮೇಲೆ ಕೂರುವ ಬೋನ್ಸಾಯ್ ಎಂಬ ಉಚಿತ ಸಲಕರಣೆ ಐಎಫ್‌ಸಿ ಕಡತಗಳನ್ನು ನೇರವಾಗಿ ತೆರೆಯುತ್ತದೆ, ಪ್ರಮಾಣವನ್ನೂ ತೆಗೆದುಕೊಡುತ್ತದೆ. ಮೊದಲು ಅದರ ಹೆಸರು ಬ್ಲೆಂಡರ್‌ಬಿಮ್ ಎಂದಿತ್ತು, ಹಳೆಯ ವಿಡಿಯೊಗಳಲ್ಲಿ ಹಾಗೆಯೇ ಸಿಗುತ್ತದೆ. ಐಎಫ್‌ಸಿ ಎಂದರೆ ಯಾವ ಕಂಪನಿಯ ಆಸ್ತಿಯೂ ಅಲ್ಲದ ಕಡತದ ಬಗೆ, ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕ. ಅದರಲ್ಲಿ ಒಂದೇ ಗೋಡೆಗೆ ಒಟ್ಟು ವಿಸ್ತೀರ್ಣ, ತೆರವು ಕಳೆದ ನಿವ್ವಳ ವಿಸ್ತೀರ್ಣ ಎಂದು ಎರಡು ಖಾನೆಗಳಿರುತ್ತವೆ. ಗಂಗಾವತಿಯ ತಂಗಿಗೆ ಮೇಲೆ ಬರೆದ ಗಿಲಾವಿನ ಜಗಳ ತೀರಿಸಲು ಈ ಎರಡೂ ಬೇಕು. ಒಟ್ಟಿನಿಂದ ಪ್ರಾರಂಭಿಸಿ, ಮಾನಕ ಹೇಳಿದ ತೆರವನ್ನಷ್ಟೇ ನೀವೇ ಕಳೆಯಬಹುದು. ಬೇರೆಯವರು ರೆವಿಟ್‌ನಿಂದ ಐಎಫ್‌ಸಿ ಕೊಡುವಾಗ ಮೂಲ ಪ್ರಮಾಣಗಳನ್ನು ಸೇರಿಸುವ ಚೌಕಕ್ಕೆ ಗುರುತು ಹಾಕಿದ್ದಾರೆಯೇ ಎಂದು ಕೇಳಿ. ಹಾಕದಿದ್ದರೆ ಆ ಖಾನೆಗಳು ಖಾಲಿ ಬರುತ್ತವೆ.

ಅಭ್ಯಾಸಕ್ಕೆ ದೊಡ್ಡ ಕಟ್ಟಡ ಹುಡುಕಬೇಡಿ. ಈಗ ಇರುವ ಕೋಣೆಯನ್ನೇ 5 ಮೀಟರಿನ ಟೇಪಿನಿಂದ ಅಳೆದು ಮಾದರಿ ಮಾಡಿ. ಕಿಟಕಿಯ ಮೇಲಿನ ಲಿಂಟಲ್, ಹೊರಗಿನ ಸಜ್ಜಾ, ಗೋಡೆಯ ಬುಡದ ಸ್ಕರ್ಟಿಂಗ್ ಇವುಗಳಲ್ಲಿ ಎಷ್ಟನ್ನು ಬರೆಯಲು ಮರೆತಿರಿ ಎಂದು ಆಮೇಲೆ ಎಣಿಸಿ, ನನಗೆ ಬರೆಯಿರಿ. ನಾನು ಮೊದಲ ಸಲ ಮೂರನ್ನೂ ಮರೆತಿದ್ದೆ.